ಪೂರ್ವರಂಗದ ಸಂಗೀತ: ಚಲಚ್ಚಿತ್ರ ಮತ್ತು ಕ್ರೀಡಾಂಗಣಗಳಲ್ಲಿ ರಿಕ್ಕಿ ಕೇಜ್ ಅವರ ರಚನೆ

1

ಸಂಗೀತವು ಸ್ವತಂತ್ರ ಕಲೆ, ಅದಕ್ಕೆ ಮತ್ತಾವುದರ ಹಂಗೂ ಇಲ್ಲ ಎಂದು ಹೇಳುವುದು ಈಚಿನ ರೂಢಿ. ಭರತನ ಮತ ಹಾಗಲ್ಲ. ನಾಟ್ಯಶಾಸ್ತ್ರದಲ್ಲಿ ಸಂಗೀತವು ಕಾಣಿಸಿಕೊಳ್ಳುವುದು ನಾಟ್ಯದ ಅಂಗವಾಗಿ. ಅಲ್ಲಿ ಧ್ರುವಾಗಾನವು ಐದು ಬಗೆ: ಪಾತ್ರವು ರಂಗವನ್ನು ಹೊಗುವಾಗ ಪ್ರಾವೇಶಿಕಿ, ನಿರ್ಗಮಿಸುವಾಗ ನೈಷ್ಕ್ರಾಮಿಕಿ, ನಡೆದಿರುವ ಭಾವವನ್ನು ತಡೆದು ಬೇರೊಂದನ್ನು ತರುವಾಗ ಆಕ್ಷೇಪಿಕಿ, ಕದಡಿದ ಮನಸ್ಸನ್ನು ತಿಳಿಗೊಳಿಸುವಾಗ ಪ್ರಾಸಾದಿಕಿ, ನಡುವಣ ತೆರಪನ್ನು ಮುಚ್ಚುವಾಗ ಆಂತರಾ. ಈ ಐದರಲ್ಲಿ ಒಂದೂ ತನಗಾಗಿ ಹಾಡಿಕೊಳ್ಳುವ ಹಾಡಲ್ಲ. ಎಲ್ಲವೂ ಸೇವೆಯ ಹಾಡು. ಹಾಗೆಂದು ಆಚಾರ್ಯನು ಅವುಗಳನ್ನು ಕೀಳೆಂದು ಎಣಿಸಿದವನಲ್ಲ. ಸೇವೆಯು ತಕ್ಕುದಾಗಿ ನಡೆಯಿತೆ ಇಲ್ಲವೆ ಎಂಬುದೊಂದೇ ಅವನ ಪ್ರಶ್ನೆ.

ಇಂದು ಸಂಗೀತ ರಚನಕಾರನು ಇಂಥ ಸೇವೆಯನ್ನು ಮಾಡಬೇಕಾಗಿರುವ ದೊಡ್ಡ ರಂಗಗಳು ಎರಡು. ಒಂದು ಚಲಚ್ಚಿತ್ರ, ಮತ್ತೊಂದು ಕ್ರೀಡಾಂಗಣ. ಮೊದಲನೆಯದನ್ನು ಕುರಿತು ಕನ್ನಡದಲ್ಲಿ ವಿಮರ್ಶೆ ಅಲ್ಪಸ್ವಲ್ಪ ಬೆಳೆದಿದೆ. ಎರಡನೆಯದನ್ನು ಕುರಿತು ವಿಚಾರ ಮಾಡಿದವರು ವಿರಳ. ಎರಡರಲ್ಲಿಯೂ ಕೆಲಸಮಾಡಿ, ಎರಡರಿಂದಲೂ ಆಚೆಗೆ ನಡೆದವರು ಬೆಂಗಳೂರಿನ ಶ್ರೀ ರಿಕ್ಕಿ ಕೇಜ್ ಅವರು. 2015, 2022 ಮತ್ತು 2023ರಲ್ಲಿ ಮೂರು ಸಲ ಅಮೆರಿಕದ ಗ್ರ್ಯಾಮಿ ಪ್ರಶಸ್ತಿ, 2025ರಲ್ಲಿ ಭಾರತ ಸರ್ಕಾರದ ಪದ್ಮಶ್ರೀ ಅವರಿಗೆ ದೊರೆತಿವೆ. ಪ್ರಶಸ್ತಿಯ ಸದ್ದು ಅಡಗುವವರೆಗೆ ಕೃತಿಯ ಸದ್ದು ಕಿವಿಗೆ ಬೀಳುವುದಿಲ್ಲ. ಆದುದರಿಂದ ಮೊದಲನೆಯದನ್ನು ಬದಿಗಿರಿಸಿ ಎರಡನೆಯದನ್ನು ಪರೀಕ್ಷಿಸುವುದು ಇಲ್ಲಿನ ಉದ್ದೇಶ.

ಈ ಪರೀಕ್ಷೆಯ ಹಿಂದೆ ಇನ್ನೊಂದು ಪ್ರಶ್ನೆಯೂ ಇದೆ. ಕೇಜ್ ಅವರ ಕೃತಿಗಳಲ್ಲಿ ಬಹುಪಾಲು ಕನ್ನಡ ಮಾತಿಲ್ಲದವು. ಮಾತಿಲ್ಲದ ಸಂಗೀತಕ್ಕೆ ನಾಡು ಉಂಟೆ? ಉಂಟಾದರೆ ಅದನ್ನು ಕನ್ನಡದ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವುದು ಯಾವ ಆಧಾರದ ಮೇಲೆ? ಈ ಪ್ರಶ್ನೆ ಬೆಂಗಳೂರಿನಲ್ಲಿರುವವರಿಗಿಂತ ದುವ್ವಾಡದಲ್ಲಿಯೋ ವಿಜಯವಾಡದಲ್ಲಿಯೋ ನೆಲಸಿ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಆಡುವವರಿಗೆ ಹೆಚ್ಚು ಹತ್ತಿರದ್ದು.

2

ಕೇಜ್ ಅವರು ಹುಟ್ಟಿದುದು 1981ರಲ್ಲಿ, ಅಮೆರಿಕದ ಉತ್ತರ ಕೆರೊಲಿನಾ ಪ್ರಾಂತದಲ್ಲಿ. ಎಂಟನೆಯ ವಯಸ್ಸಿಗೆ ಬೆಂಗಳೂರಿಗೆ ಬಂದು ಬಿಷಪ್ ಕಾಟನ್ ಶಾಲೆಯಲ್ಲಿ ಓದಿದರು. ಬಳಿಕ ದಂತವೈದ್ಯದ ಪದವಿ ಪಡೆದರು, ಆದರೆ ಆ ವೃತ್ತಿಯನ್ನು ಹಿಡಿಯಲಿಲ್ಲ. ಅವರ ಅಜ್ಜ ಜಾನಕೀದಾಸರು ಸೈಕಲ್ ಪಂದ್ಯದ ಪಟುವಾಗಿಯೂ ಹಿಂದಿ ಚಲಚ್ಚಿತ್ರದ ನಟರಾಗಿಯೂ ಹೆಸರಾದವರು. ಆಟ ಮತ್ತು ಚಿತ್ರ ಎರಡೂ ಮನೆಯಲ್ಲಿಯೇ ಇದ್ದುವು. ಆದರೆ ರಚನಕಾರನನ್ನು ರೂಪಿಸಿದುದು ವಂಶಕ್ಕಿಂತ ಹೆಚ್ಚಾಗಿ ಕಸುಬು. ಒಂದು ರಾಕ್ ವಾದ್ಯತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಅವರು 2003ರಲ್ಲಿ ಬೆಂಗಳೂರಿನಲ್ಲಿ ಸ್ವಂತ ಧ್ವನಿಮುದ್ರಣಾಲಯವನ್ನು ತೆರೆದರು. ಬಹುಕಾಲ ಜಾಹೀರಾತಿನ ಸಂಗೀತವೇ ಅವರ ಮುಖ್ಯ ಉದ್ಯೋಗವಾಗಿತ್ತು.

ಜಾಹೀರಾತನ್ನು ಕಲೆಯ ಚರಿತ್ರೆಯಲ್ಲಿ ಸೇರಿಸಲು ಕೆಲವರು ಹಿಂಜರಿಯಬಹುದು. ಆದರೆ ಅದು ಕಲಿಸುವ ಶಿಸ್ತು ಕಡಮೆಯದಲ್ಲ. ಮೂವತ್ತು ಸೆಕೆಂಡುಗಳೊಳಗೆ ಕೇಳುಗನ ಗಮನವನ್ನು ಸೆಳೆಯಬೇಕು, ಒಂದು ಭಾವವನ್ನು ನೆಲೆಗೊಳಿಸಬೇಕು, ಮುಗಿಸಬೇಕು. ಆಲಾಪನೆಗೆ ಅಲ್ಲಿ ಎಡೆಯಿಲ್ಲ. ಅಳತೆಗೆ ಹೊಲಿಯುವ ಜಾಣತನ ಅಲ್ಲಿ ಬರುತ್ತದೆ; ಅಳತೆಯನ್ನು ತಾನೇ ನಿಶ್ಚಯಿಸುವ ಧೈರ್ಯ ಬರುವುದಿಲ್ಲ. ಕೇಜ್ ಅವರ ಮುಂದಿನ ಕೃತಿಗಳಲ್ಲಿ ಕಾಣುವ ಗುಣಕ್ಕೂ ಕೊರತೆಗೂ ಬೀಜ ಇಲ್ಲಿಯೇ ಇದೆಯೆಂದು ತೋರುತ್ತದೆ.

3

ಕನ್ನಡ ಚಲಚ್ಚಿತ್ರದಲ್ಲಿ ಅವರ ಕೆಲಸ ಪ್ರಮಾಣದಲ್ಲಿ ಸಣ್ಣದು. ಶ್ರೀ ರಮೇಶ್ ಅರವಿಂದ್ ಅವರು ನಿರ್ದೇಶಿಸಿದ 'ಆಕ್ಸಿಡೆಂಟ್' (2008) ಮತ್ತು 'ವೆಂಕಟ ಇನ್ ಸಂಕಟ' (2009), ಅವರೇ ನಟಿಸಿದ 'ಕ್ರೇಜಿ ಕುಟುಂಬ' (2010) ಇವು ಮುಖ್ಯವಾದುವು. ಕಡೆಯವೆರಡು ಹಾಸ್ಯಚಿತ್ರಗಳು. ವಿಮರ್ಶಕನು ನಿಲ್ಲಬೇಕಾದುದು ಮೊದಲನೆಯದರ ಬಳಿ, ಅದರಲ್ಲಿಯೂ ಒಂದು ಗೀತೆಯ ಬಳಿ.

'ಆಕ್ಸಿಡೆಂಟ್' ಚಿತ್ರದ ನಾಯಕ ಬಾನುಲಿಯ ನಿರೂಪಕ. ಅಪಘಾತದಲ್ಲಿ ಪತ್ನಿಯನ್ನು ಕಳೆದುಕೊಂಡವನು. ಈ ಚಿತ್ರದಲ್ಲಿ ಶ್ರೀ ಬಿ. ಆರ್. ಲಕ್ಷ್ಮಣರಾವ್ ಅವರ ಮಳೆಯ ಕವಿತೆಯೊಂದನ್ನು ಬಳಸಿಕೊಳ್ಳಲಾಗಿದೆ. ಹಾಡಿದವರು ಶ್ರೀ ಸೋನು ನಿಗಮ್. ಕವಿತೆಯ ತಿರುಳು ಕಾಲವನ್ನು ಕುರಿತದ್ದು. ಕಾಯುತ್ತಿರುವವನು ಮಳೆಯನ್ನು ಕರೆಯುತ್ತಾನೆ. ನಲ್ಲೆ ಬಂದು ಸೇರುವವರೆಗೆ ಬಿರುಸು ಬೇಡ, ಬಂದ ಮೇಲೆ ಹಿಂದಿರುಗಲಾಗದಂತೆ ಸುರಿಯಲಿ ಎಂಬುದು ಅವನ ಬೇಡಿಕೆ. ಕಾಲವನ್ನು ಕುರಿತೂ ಅದೇ ಮಾತು: ಅವಳು ಬರುವ ತನಕ ಓಡಲಿ, ಬಂದ ಮೇಲೆ ನಿಲ್ಲಲಿ. ಪ್ರತಿ ಪದ್ಯದಲ್ಲಿಯೂ ಎರಡು ವಿರುದ್ಧ ಆಸೆಗಳು ಎದುರುಬದುರಾಗಿ ನಿಂತಿವೆ. ಶೃಂಗಾರದ ಅಭಿಸಾರಿಕಾ ಪ್ರಸಂಗವನ್ನು ಕವಿ ತಲೆಕೆಳಗು ಮಾಡಿ, ಬರುವವಳ ಬದಲು ಕಾಯುವವನ ಕಡೆಯಿಂದ ಹೇಳಿರುವುದು ಇಲ್ಲಿನ ಚೆಲುವು.

ಇಂಥ ಕವಿತೆಗೆ ರಾಗ ಹಾಕುವವನ ಮುಂದೆ ಎರಡು ದಾರಿಗಳುಂಟು. ಮೆಲ್ಲನೆಯ ಮಳೆಗೆ ಒಂದು ಗತಿ, ಬಿರುಸು ಮಳೆಗೆ ಮತ್ತೊಂದು ಗತಿ ಎಂದು ಮಾತಿಗೆ ಮಾತು ಕೂಡಿಸುವುದು ಒಂದು. ಒಂದೇ ಗತಿಯಲ್ಲಿ ಎರಡನ್ನೂ ನಡೆಸಿ, ವೈರುಧ್ಯವನ್ನು ಅರ್ಥಕ್ಕೇ ಬಿಡುವುದು ಇನ್ನೊಂದು. ಕೇಜ್ ಅವರು ಹಿಡಿದುದು ಎರಡನೆಯದನ್ನು. ಆಸೆ ಎರಡಾದರೂ ಆಸೆಪಡುವ ಜೀವ ಒಂದೇ ಎಂಬ ಭಾವ ಅದರಿಂದ ಉಳಿಯಿತು. ಕನ್ನಡ ಭಾವಗೀತೆಯ ಪರಂಪರೆಯ ರಚನೆಯೊಂದು ಜಾಹೀರಾತಿನಲ್ಲಿ ಪಳಗಿದ ಕೈಗೆ ಸಿಕ್ಕಿಯೂ ಜಾಹೀರಾತಾಗಲಿಲ್ಲ. ಅದಕ್ಕೆ ಕಾರಣ ಕವಿತೆಗೆ ತನ್ನದೇ ಆದ ಕಾಲವಿದ್ದುದು. ರಚನಕಾರನು ಅದಕ್ಕೆ ಎದುರು ನಿಲ್ಲದೆ ಅದರ ಹಿಂದೆ ನಡೆದುದು. ಚಿತ್ರದ ಕಥೆಯೂ ಗೀತೆಗೆ ಮತ್ತೊಂದು ಅರ್ಥವನ್ನು ಕೂಡಿಸುತ್ತದೆ. ಬಾರದ ಲೋಕಕ್ಕೆ ಹೋದವಳನ್ನು ನೆನೆದಾಗ, ಬಾ ಎಂದು ಕರೆದ ಹಾಡೇ ಶೋಕಗೀತವಾಗುತ್ತದೆ.

4

ಕ್ರೀಡಾಂಗಣದ ಸಂಗೀತಕ್ಕೆ ಬರುವ ಮುನ್ನ ಒಂದು ಭೇದವನ್ನು ಗುರುತಿಸಬೇಕು. ಚಲಚ್ಚಿತ್ರದ ಕಾಲ ಸಿದ್ಧವಾದುದು; ಆಟದ ಕಾಲ ಅಸಿದ್ಧವಾದುದು. ಚಿತ್ರ ಎಲ್ಲಿ ಮುಗಿಯುತ್ತದೆ, ಯಾರು ಗೆಲ್ಲುತ್ತಾರೆ ಎಂಬುದು ರಚನಕಾರನಿಗೆ ಮೊದಲೇ ಗೊತ್ತು. ಆಟದಲ್ಲಿ ಅದು ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಅದು ಆಟವೇ ಅಲ್ಲ. 'ಚಾರಿಯಟ್ಸ್ ಆಫ್ ಫೈರ್' (1981) ಎಂಬ ಇಂಗ್ಲಿಷ್ ಚಿತ್ರದಲ್ಲಿ ಗ್ರೀಸಿನ ವಾಂಜೆಲಿಸ್ ಅವರು ಓಟಗಾರರಿಗೆ ರಚಿಸಿದ ಸಂಗೀತ ಲೋಕಪ್ರಸಿದ್ಧವಾಯಿತು. ಆದರೆ ಅದು 1924ರ ಪ್ಯಾರಿಸ್ ಒಲಿಂಪಿಕ್ಸ್ ಮುಗಿದು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಕಳೆದ ಮೇಲೆ ಹುಟ್ಟಿದ ಸಂಗೀತ. ಗೆದ್ದವನಾರೆಂದು ತಿಳಿದು ಬರೆದುದು.

ಹಾಗಾದರೆ ಆಟಕ್ಕೆ ತನ್ನದೇ ಸಂಗೀತವಿಲ್ಲವೆ? ಉಂಟು, ಕನ್ನಡ ನಾಡಿನಲ್ಲಿ ಅದು ಬಹು ಹಳೆಯದು. ಕರಾವಳಿಯ ಕಂಬಳದಲ್ಲಿ ಕೋಣಗಳನ್ನು ಗದ್ದೆಗಿಳಿಸುವಾಗ ವಾದ್ಯವೂ ಕೊಂಬೂ ಮೊಳಗುತ್ತವೆ. ಉತ್ತರ ಕರ್ನಾಟಕದ ಕುಸ್ತಿಯ ಕಣದಲ್ಲಿ ಹಲಗೆ ಬಾರಿಸುವವನು ಜಟ್ಟಿಗಳ ಪಟ್ಟನ್ನು ನೋಡುತ್ತ ನೋಡುತ್ತ ಬಡಿತವನ್ನು ಏರಿಸುತ್ತಾನೆ, ಇಳಿಸುತ್ತಾನೆ. ಅವನಿಗೆ ಮುಂದೇನೆಂದು ತಿಳಿಯದು. ತಿಳಿಯದಿರುವುದೇ ಅವನ ಕಲೆ. ಹೊಸಕಾಲದ ದೊಡ್ಡ ಕ್ರೀಡಾಕೂಟಗಳಲ್ಲಿ ಸಂಗೀತಕ್ಕೆ ಈ ಎಡೆ ತಪ್ಪಿದೆ. ಅದು ಆಟದ ಮೊದಲಿಗೆ ಮತ್ತು ಕೊನೆಗೆ ಸರಿದು ನಿಂತಿದೆ. ಉದ್ಘಾಟನೆಯ ಸಂಗೀತವೆಂಬುದು ಹೀಗೆ ಹುಟ್ಟಿದ ಒಂದು ಪೂರ್ವರಂಗ. 1896ರ ಅಥೆನ್ಸ್ ಒಲಿಂಪಿಕ್ಸಿಗೆ ಸ್ಪೈರಿಡಾನ್ ಸಮರಾಸ್ ರಚಿಸಿದ ಸ್ತೋತ್ರದಿಂದ ಮೊದಲುಗೊಂಡು, 1982ರ ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಪಂಡಿತ ನರೇಂದ್ರ ಶರ್ಮರ ಮಾತಿಗೆ ಪಂಡಿತ ರವಿಶಂಕರರು ಕೂಡಿಸಿದ ಸ್ವಾಗತಗೀತೆಯವರೆಗೆ ಈ ಪೂರ್ವರಂಗಕ್ಕೆ ಒಂದು ಚರಿತ್ರೆಯಿದೆ. ರವಿಶಂಕರರೂ ಚಲಚ್ಚಿತ್ರಕ್ಕೆ ದುಡಿದವರೇ. 'ಪಥೇರ್ ಪಾಂಚಾಲಿ'ಯ (1955) ಸಂಗೀತ ಅವರದು. ಕಾರ್ಯ ಸುಲಭವಲ್ಲವೆಂಬುದಕ್ಕೂ ಸಾಕ್ಷಿಯಿದೆ. 2010ರ ದೆಹಲಿ ಕಾಮನ್‌ವೆಲ್ತ್ ಕೂಟಕ್ಕೆ ಶ್ರೀ ಎ. ಆರ್. ರೆಹಮಾನ್ ಅವರು ಮಾಡಿದ ಗೀತೆ ಸಾರ್ವಜನಿಕ ಟೀಕೆಗೆ ಗುರಿಯಾಯಿತು.

ಕೇಜ್ ಅವರಿಗೆ ಈ ಹೊಣೆ ಬಂದುದು 2011ರ ವಿಶ್ವಕಪ್ ಕ್ರಿಕೆಟ್ ಪಂದ್ಯಾವಳಿಯಲ್ಲಿ. ಆ ವರ್ಷದ ಫೆಬ್ರವರಿ 17ರಂದು ಢಾಕಾದ ಬಂಗಬಂಧು ರಾಷ್ಟ್ರೀಯ ಕ್ರೀಡಾಂಗಣದಲ್ಲಿ ನಡೆದ ಉದ್ಘಾಟನೋತ್ಸವಕ್ಕೆ ಸಂಗೀತ ಅವರದು. ಪಂದ್ಯಾವಳಿಯ ಅಧಿಕೃತ ಗೀತೆ ಬೇರೆ. ಅದು ಶಂಕರ್-ಎಹಸಾನ್-ಲಾಯ್ ಅವರ ರಚನೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶ ಈ ಮೂರು ದೇಶಗಳು ಕೂಡಿ ನಡೆಸಿದ ಕೂಟವಾದುದರಿಂದ ಮೂರರ ಗೌರವವನ್ನೂ ಕಾಯಬೇಕಾಗಿತ್ತು. ಹದಿನಾಲ್ಕು ತಂಡಗಳ ನಾಯಕರನ್ನು ಸೈಕಲ್ ರಿಕ್ಷಾಗಳಲ್ಲಿ ಕೂರಿಸಿ ಮೈದಾನಕ್ಕೆ ಕರೆತಂದ ದೃಶ್ಯ ಅಂದಿನದು. ಭರತನ ಮಾತಿನಲ್ಲಿ ಅದು ಪ್ರಾವೇಶಿಕಿಯ ಸಂದರ್ಭ.

ಪೂರ್ವರಂಗದ ವಿಷಯದಲ್ಲಿ ಭರತನು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ: ಗೀತನೃತ್ತಗಳು ಅತಿಯಾದರೆ ಆಡುವವರೂ ನೋಡುವವರೂ ದಣಿಯುತ್ತಾರೆ, ದಣಿದವರಿಗೆ ಮುಂದಣ ರಸ ಸಿದ್ಧಿಸುವುದಿಲ್ಲ. ಈ ಅಳತೆಗೋಲಿನಿಂದ ನೋಡಿದರೆ ಢಾಕಾದ ಸಂಗೀತ ತನ್ನ ಸೇವೆಯನ್ನು ನೆರವೇರಿಸಿತು. ಆದರೆ ಅದಕ್ಕಿಂತ ಹೆಚ್ಚಿನದನ್ನು ಮಾಡಿತೆಂದು ಹೇಳಲಾಗದು. ಆ ಇರುಳಿನಿಂದ ಜನರ ನೆನಪಿನಲ್ಲಿ ಉಳಿದುದು ರಿಕ್ಷಾಗಳ ಚಿತ್ರ, ಯಾವ ಸ್ವರವೂ ಅಲ್ಲ. ಇದರಲ್ಲಿ ರಚನಕಾರನ ದೋಷಕ್ಕಿಂತ ಪ್ರಕಾರದ ಸ್ವಭಾವವೇ ಹೆಚ್ಚು. ಮೂರು ದೇಶಗಳಿಗೂ ಒಪ್ಪಿಗೆಯಾಗಬೇಕಾದ ಸಂಗೀತ ಯಾವುದೊಂದು ದೇಶದ ನೆಲಕ್ಕೂ ಆಳವಾಗಿ ಬೇರಿಳಿಸಲಾರದು. ಹತ್ತು ದಿನಗಳ ತರುವಾಯ, ಫೆಬ್ರವರಿ 27ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತವೂ ಇಂಗ್ಲೆಂಡೂ ತಲಾ 338 ಓಟಗಳನ್ನು ಗಳಿಸಿ ಸಮಸಮವಾದುವು. ಮಾರ್ಚ್ 2ರಂದು ಅದೇ ಮೈದಾನದಲ್ಲಿ ಐರ್ಲೆಂಡಿನ ಕೆವಿನ್ ಓ'ಬ್ರಿಯನ್ 50 ಚೆಂಡುಗಳಲ್ಲಿ ಶತಕ ಹೊಡೆದು ಇಂಗ್ಲೆಂಡನ್ನು ಸೋಲಿಸಿದರು. ಆ ಎರಡು ದಿನಗಳ ಭಾವಕ್ಕೆ ಯಾವ ರಚನಕಾರನೂ ಮುಂಚಿತವಾಗಿ ಸ್ವರ ಹಾಕಲಾರನು. 2005ರ ಏಪ್ರಿಲ್ 5ರಂದು ವಿಶಾಖಪಟ್ಟಣದಲ್ಲಿ ಪಾಕಿಸ್ತಾನದ ಎದುರು ಮಹೇಂದ್ರ ಸಿಂಗ್ ಧೋನಿ 148 ಓಟಗಳನ್ನು ಗಳಿಸಿದಾಗ ಮೈದಾನದಿಂದ ಎದ್ದ ಜನಘೋಷವನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಟದ ನಿಜವಾದ ಸಂಗೀತ ಆ ಘೋಷವೇ. ಕುಸ್ತಿಯ ಹಲಗೆಯವನಿಗೆ ಇಂದು ಉಳಿದಿರುವ ವಾರಸುದಾರನೆಂದರೆ ಪ್ರೇಕ್ಷಕ.

5

ಢಾಕಾದ ಬಳಿಕ ಕೇಜ್ ಅವರ ನಡೆ ಬದಲಾಯಿತು. ದಕ್ಷಿಣ ಆಫ್ರಿಕದ ಕೊಳಲುವಾದಕ ವೌಟರ್ ಕೆಲರ್‌ಮನ್ ಅವರೊಡನೆ ಗಾಂಧೀ-ಮಂಡೇಲರ ಆದರ್ಶವನ್ನು ಮನದಲ್ಲಿಟ್ಟು ರಚಿಸಿದ 'ವಿಂಡ್ಸ್ ಆಫ್ ಸಂಸಾರ' 2014ರಲ್ಲಿ ಹೊರಬಂದು ಮರುವರ್ಷ ಗ್ರ್ಯಾಮಿಯನ್ನು ತಂದಿತು. ಅಲ್ಲಿಂದ ಮುಂದೆ ಪರಿಸರಪ್ರಜ್ಞೆಯೇ ಅವರ ಮುಖ್ಯ ವಸ್ತು. 'ಶಾಂತಿ ಸಂಸಾರ' (2015), ಮಕ್ಕಳಿಗಾಗಿ ಮಾಡಿದ 'ಮೈ ಅರ್ತ್ ಸಾಂಗ್ಸ್', ಹಾಲಿವುಡ್ಡಿನ ಚಿತ್ರಗಳಿಗೂ ಸಂಗೀತ ಕೊಟ್ಟಿರುವ ತಾಳವಾದಕ ಸ್ಟುವರ್ಟ್ ಕೋಪ್ಲೆಂಡ್ ಅವರೊಡನೆ ಮಾಡಿ ಬೆಂಗಳೂರಿನ ಲಹರಿ ಸಂಸ್ಥೆ ಹೊರತಂದ 'ಡಿವೈನ್ ಟೈಡ್ಸ್' ಇವೆಲ್ಲ ಈ ಘಟ್ಟದವು. ಹೊರಗಿನಿಂದ ನೋಡಿದರೆ ಇದು ಗಿರಾಕಿಯಿಂದ ಬಿಡುಗಡೆ. ಆದರೆ ವಿಮರ್ಶಕನು ಇಲ್ಲೊಂದು ಮಾತನ್ನು ಕೇಳಲೇಬೇಕು: ಸಂದೇಶವೂ ಒಬ್ಬ ಗಿರಾಕಿಯಲ್ಲವೆ? ಒಳ್ಳೆಯದನ್ನೇ ಹೇಳಬೇಕೆಂಬ ಸಂಕಲ್ಪವು ಸಂಗೀತದಿಂದ ಕಲಹವನ್ನು ತೆಗೆದುಹಾಕುತ್ತದೆ. ಕಲಹವಿಲ್ಲದಲ್ಲಿ ಶಾಂತಿಗೆ ಬೆಲೆಯೆಲ್ಲಿ? ಈ ಸಂಪುಟಗಳ ಹಲವೆಡೆ ನಾನಾ ದೇಶಗಳ ವಾದ್ಯಗಳು ಸೌಹಾರ್ದದಿಂದ ಕೂಡಿ ನುಡಿಯುತ್ತವೆ, ನಿಜ. ಒಂದು ಇನ್ನೊಂದನ್ನು ಎದುರಿಸಿ ನುಡಿಯುವ ಕ್ಷಣಗಳು ಕಡಮೆ. ತನಿ ಆವರ್ತನದಲ್ಲಿ ಮೃದಂಗ ಘಟಗಳ ಸ್ಪರ್ಧೆಯನ್ನು ಕೇಳಿ ಬೆಳೆದ ಕಿವಿಗೆ ಈ ಕೊರತೆ ತಿಳಿಯದಿರದು.

ಈ ಕೊರತೆ ನೀಗಿದುದು ಚಲಚ್ಚಿತ್ರಕ್ಕೆ ಮರಳಿದಾಗ. ಕರ್ನಾಟಕದ ಕಾಡು ಮತ್ತು ಪ್ರಾಣಿಗಳನ್ನು ಕುರಿತು ಶ್ರೀಯುತರಾದ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಿರ್ದೇಶಿಸಿದ 'ವೈಲ್ಡ್ ಕರ್ನಾಟಕ' 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂದಿತು. ಇಂಗ್ಲಿಷ್ ನಿರೂಪಣೆ ಸರ್ ಡೇವಿಡ್ ಅಟೆನ್‌ಬರೊ ಅವರದು; ಕನ್ನಡದಲ್ಲಿ ಶ್ರೀ ರಿಷಬ್ ಶೆಟ್ಟಿ, ತೆಲುಗಿನಲ್ಲಿ ಕನ್ನಡಿಗರೇ ಆದ ಶ್ರೀ ಪ್ರಕಾಶ್ ರಾಜ್ ದನಿ ಕೊಟ್ಟರು. 67ನೆಯ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಇದಕ್ಕೆ ಶೋಧನಾಚಿತ್ರದ ಮತ್ತು ನಿರೂಪಣೆಯ ಪ್ರಶಸ್ತಿಗಳು ದೊರೆತುವು. ಸಂಗೀತ ಕೇಜ್ ಅವರದು.

ಪ್ರಕೃತಿಚಿತ್ರದ ಸಂಗೀತದಲ್ಲಿ ಒಂದು ಅಪಾಯವುಂಟು. ಹುಲಿಗೆ ಕ್ರೌರ್ಯ, ಜಿಂಕೆಗೆ ಕಾರುಣ್ಯ ಎಂದು ಮನುಷ್ಯನ ಸ್ಥಾಯಿಭಾವಗಳನ್ನು ಮೃಗಗಳಿಗೆ ಹಂಚಿಬಿಡುವುದು ಸುಲಭ. ಆದರೆ ಕಾಡಿನಲ್ಲಿ ನಡೆಯುವುದು ಒಂದು ಬಗೆಯ ಆಟವೇ. ಕಾಳಿಂಗಗಳೆರಡು ಹೆಣೆದುಕೊಂಡು ಹೋರಾಡುವಾಗ ಗೆಲುವು ಯಾರದೆಂದು ನೋಡುವವನಿಗೆ ತಿಳಿಯದು. ಚಿತ್ರದ ಸಿದ್ಧಕಾಲದೊಳಗೆ ಆಟದ ಅಸಿದ್ಧಕಾಲವನ್ನು ಉಳಿಸಿಕೊಳ್ಳುವುದು ಇಲ್ಲಿನ ಸಮಸ್ಯೆ. ಚಲಚ್ಚಿತ್ರದಲ್ಲಿಯೂ ಕ್ರೀಡಾಂಗಣದಲ್ಲಿಯೂ ಕೆಲಸಮಾಡಿದ ಕೈಗೆ ಎರಡೂ ಅನುಭವಗಳು ಒಂದೆಡೆ ಒದಗಿದುದು ಇಲ್ಲಿ. ಸಂಗೀತವು ಕಥೆಯನ್ನು ಮುಂದಾಗಿ ಹೇಳದೆ, ನಿರೂಪಕನ ದನಿಗೂ ಕಾಡಿನ ದನಿಗೂ ಎಡೆಮಾಡಿಕೊಡುವ ಭಾಗಗಳೇ ಇದರ ಉತ್ತಮ ಭಾಗಗಳು. ವಾದ್ಯವೃಂದವು ಉಬ್ಬಿ ವೈಭವವನ್ನು ಸಾರುವೆಡೆಗಳಲ್ಲಿ ಹಳೆಯ ಉದ್ಘಾಟನೋತ್ಸವದ ನೆನಪಾಗುತ್ತದೆ. ಅಲ್ಲಿ ಕಬಿನಿಯ ಆನೆಗೂ ಆಫ್ರಿಕದ ಆನೆಗೂ ಭೇದ ಉಳಿಯುವುದಿಲ್ಲ.

6

ಚಿತ್ರಮಂದಿರಕ್ಕೂ ಕ್ರೀಡಾಂಗಣಕ್ಕೂ ಸಮಾನವಾಗಿ ಸೇರಿದ ಸಂಗೀತ ಒಂದಿದೆ: ರಾಷ್ಟ್ರಗೀತೆ. ಪಂದ್ಯಕ್ಕೆ ಮೊದಲು ಆಟಗಾರರು ಸಾಲಾಗಿ ನಿಂತು ಅದನ್ನು ಹಾಡುತ್ತಾರೆ. ಚಿತ್ರಮಂದಿರಗಳಲ್ಲಿ ಅದನ್ನು 2016ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಕಡ್ಡಾಯ ಮಾಡಿತು; 2018ರ ಜನವರಿಯಲ್ಲಿ ಐಚ್ಛಿಕಗೊಳಿಸಿತು. ಅದರ ಪೂರ್ಣಪಾಠಕ್ಕೆ ಗೊತ್ತುಮಾಡಿದ ಕಾಲ ಸುಮಾರು 52 ಸೆಕೆಂಡು. ಮಾತು ರವೀಂದ್ರರದು, ಸ್ವರ ನಿಶ್ಚಿತ, ಗತಿ ನಿಶ್ಚಿತ. ರಚನಕಾರನಿಗೆ ಉಳಿದುದು ವಾದ್ಯ ಮತ್ತು ಕಂಠಗಳ ಜೋಡಣೆಯೊಂದೇ. ಕೇಜ್ ಅವರು 2023ರಲ್ಲಿ ಲಂಡನ್ನಿನ ಅಬ್ಬೆ ರೋಡ್ ಧ್ವನಿಮುದ್ರಣಾಲಯದಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ತಂಡದ ನೂರು ವಾದಕರಿಂದ ಇದನ್ನು ನುಡಿಸಿದರು. ಮರುವರ್ಷ ಪಂಡಿತ ಹರಿಪ್ರಸಾದ್ ಚೌರಾಸಿಯ, ಉಸ್ತಾದ್ ಅಮ್ಜದ್ ಅಲಿ ಖಾನ್ ಮೊದಲಾದ ವಿದ್ವಾಂಸರನ್ನೂ ಭುವನೇಶ್ವರದ ಸುಮಾರು 14,000 ಆದಿವಾಸಿ ಮಕ್ಕಳ ಕಂಠವನ್ನೂ ಕೂಡಿಸಿ ಮತ್ತೊಮ್ಮೆ ಮಾಡಿದರು.

ಈ ಎರಡನ್ನು ಹೋಲಿಸುವುದು ಪ್ರಯೋಜನಕರ. ಮೊದಲನೆಯದರಲ್ಲಿ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಊರಿನ ವಾದಕರು ಸ್ವತಂತ್ರ ಭಾರತದ ಗೀತೆಯನ್ನು ನುಡಿಸಿದರೆಂಬ ಚಾರಿತ್ರಿಕ ಸ್ವಾರಸ್ಯವಿದೆ, ಸ್ವರಶುದ್ಧಿಯಿದೆ. ಎರಡನೆಯದರಲ್ಲಿ ಮಕ್ಕಳ ಸಾವಿರಾರು ದನಿಗಳು ಸೇರಿದಾಗ ಬರುವ ಒರಟು ತುಂಬುತನವಿದೆ. ಅದು ಆಟದ ಮೈದಾನದ ಜನಘೋಷಕ್ಕೆ ಹತ್ತಿರದ್ದು. ಪೂರ್ವರಂಗದ ಸಂಗೀತ ಎಲ್ಲಿ ಸಾರ್ಥಕವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆಯೆಂದು ತೋರುತ್ತದೆ. ಕೇಳಿಸುವ ಸಂಗೀತಕ್ಕಿಂತ, ಎಲ್ಲರೂ ಬಾಯ್ಗೂಡಿಸುವ ಸಂಗೀತ ಆ ಸಂದರ್ಭಕ್ಕೆ ತಕ್ಕುದು.

7

ಇನ್ನು ಮೊದಲು ಎತ್ತಿದ ಪ್ರಶ್ನೆ. ಮಾತಿಲ್ಲದ ಸಂಗೀತಕ್ಕೆ ನಾಡು ಉಂಟೆ? ಇದಕ್ಕೆ ಆಂಧ್ರದ ನೆಲದಿಂದಲೇ ಒಂದು ನಿದರ್ಶನ ದೊರೆಯುತ್ತದೆ. ಗೋದಾವರೀ ಸೀಮೆಯಲ್ಲಿ ಹುಟ್ಟಿ, ವಿಜಯವಾಡದ ಆಕಾಶವಾಣಿಯಲ್ಲಿಯೂ ಅಲ್ಲಿನ ಸರ್ಕಾರಿ ಸಂಗೀತ ಕಾಲೇಜಿನ ಪ್ರಥಮ ಪ್ರಾಂಶುಪಾಲರಾಗಿಯೂ ದುಡಿದ ಡಾ. ಮಂಗಳಂಪಲ್ಲಿ ಬಾಲಮುರಳಿಕೃಷ್ಣರು ಜಿ. ವಿ. ಅಯ್ಯರ್ ಅವರ 'ಹಂಸಗೀತೆ'ಯಲ್ಲಿ (1975) ಹಾಡಿ ರಾಷ್ಟ್ರಪ್ರಶಸ್ತಿ ಪಡೆದರು. 'ಮಧ್ವಾಚಾರ್ಯ' (1986) ಚಿತ್ರದ ಸಂಗೀತಕ್ಕೆ ಮತ್ತೊಮ್ಮೆ ಪಡೆದರು. ತೆಲುಗರು ಅವರನ್ನು ತಮ್ಮವರೆನ್ನುವುದು ನ್ಯಾಯ. ಆದರೆ ಆ ಎರಡು ಕೃತಿಗಳನ್ನು ಕನ್ನಡದವಲ್ಲವೆನ್ನಲು ಯಾರಿಗೂ ನಾಲಗೆ ಬಾರದು. ಕೃತಿಯ ನಾಡು ಕರ್ತನ ಜನ್ಮಪತ್ರಿಕೆಯಲ್ಲಿಲ್ಲ; ಕೃತಿ ಯಾವುದನ್ನು ಆಲಿಸಿ ಹುಟ್ಟಿತು ಎಂಬುದರಲ್ಲಿದೆ.

ಈ ದೃಷ್ಟಿಯಿಂದ ಕೇಜ್ ಅವರ ಕೃತಿಗಳನ್ನು ವಿಂಗಡಿಸಬಹುದು. ಲಕ್ಷ್ಮಣರಾವ್ ಅವರ ಕವಿತೆಯ ಎರಡಳೆದ ಕಾಲವನ್ನು ಆಲಿಸಿ ಹುಟ್ಟಿದ ಗೀತೆ ಕನ್ನಡದ್ದು. ಕರ್ನಾಟಕದ ಕಾಡಿನ ಮೌನಕ್ಕೆ ಕಿವಿಗೊಟ್ಟ ಭಾಗಗಳು, ಅವುಗಳಲ್ಲಿ ಒಂದು ಕನ್ನಡ ಪದವಿಲ್ಲದಿದ್ದರೂ, ಕನ್ನಡದವು. ಢಾಕಾದ ಉದ್ಘಾಟನೆಯೂ ವಿಶ್ವಸಂಗೀತವೆಂಬ ಹೆಸರಿನ ಹಲವು ರಚನೆಗಳೂ ಎಲ್ಲರಿಗೂ ಸಲ್ಲುತ್ತವೆ. ಆ ಕಾರಣದಿಂದಲೇ ಯಾವ ಊರಿನವೂ ಅಲ್ಲ. ಅವರ ಪ್ರತಿಭೆ ಬೆಳಗುವುದು ಎದುರಿಗೆ ತನಗಿಂತ ಗಟ್ಟಿಯಾದ ವಸ್ತುವೊಂದು ನಿಂತಾಗ. ಕವಿತೆಯಿರಲಿ, ಕಾಡಿರಲಿ, 52 ಸೆಕೆಂಡುಗಳ ಬೇಲಿಯಿರಲಿ, ಆ ವಸ್ತು ತನ್ನ ಕಾಲವನ್ನು ತಾನೇ ನಿಶ್ಚಯಿಸಿದಾಗ ಅವರ ಸೇವೆ ಕಲೆಯಾಗುತ್ತದೆ. ವಸ್ತು ಸಡಿಲವಾಗಿ, ಸದಾಶಯವೊಂದೇ ಉಳಿದಾಗ ಸೇವೆ ಸೇವೆಯಾಗಿಯೇ ಮುಗಿಯುತ್ತದೆ.

ಕನ್ನಡ ಚಲಚ್ಚಿತ್ರವು ಇಂಥ ರಚನಕಾರನ ಮುಂದೆ ಗಟ್ಟಿಯಾದ ಕವಿತೆಗಳನ್ನೂ ಗಟ್ಟಿಯಾದ ಕಥೆಗಳನ್ನೂ ಇರಿಸಿದುದು ಬಹಳ ಕಡಮೆ ಎಂಬುದು ಈ ಪರೀಕ್ಷೆಯಿಂದ ಹೊರಡುವ ಕಹಿಯಾದ ಫಲಿತಾಂಶ. ಮೂರು ಕಥಾಚಿತ್ರಗಳು, ನಿಂತು ಕೇಳಬೇಕಾದ ಒಂದು ಗೀತೆ. ಈ ಲೆಕ್ಕದಲ್ಲಿ ಬಾಕಿ ಇರುವುದು ರಚನಕಾರನ ಕಡೆಯಲ್ಲ, ನಾಡಿನ ಕಡೆ. ಹೊರನಾಡಿನಲ್ಲಿದ್ದು ಕನ್ನಡವನ್ನು ಉಳಿಸಿಕೊಂಡವರಿಗೆ ಒಂದು ಸಂಗತಿ ಸ್ವಾನುಭವದಿಂದ ಗೊತ್ತು: ಯಾರನ್ನಾದರೂ ತಮ್ಮವರೆಂದು ಕರೆಯುವುದು ಸನ್ಮಾನದ ಶಾಲು ಹೊದಿಸುವುದರಿಂದ ಪೂರ್ತಿಯಾಗುವುದಿಲ್ಲ, ಅವರ ಕೈಗೆ ತಕ್ಕ ಕೆಲಸವನ್ನು ಕೊಡುವುದರಿಂದ ಆಗುತ್ತದೆ.